ತಾನಾಗಿ ಬಂದದ್ದು, ಹುಡುಕಿ ಪಡೆದದ್ದು

ಕಳೆದ ಮೊಹರಂನ ಕತಲ್ ರಾತ್ರಿ ನಾನು ಮೂಡಲಗಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅಲಾಯಿ ಕುಣಿಯ ಎದುರು ರಿವಾಯತ್ ಮೇಳ ಹಾಡುತ್ತಿತ್ತು. ಕರ್ಬಲಾದ ಕತೆ, ಕನ್ನಡದ ಮಾತು, ನಮ್ಮ ಕಡೆಯ ಧಾಟಿ. ಹಾಡುವವರಲ್ಲಿ ಅರ್ಧ ಜನ ಮುಸಲ್ಮಾನರು, ಉಳಿದರ್ಧ ಓಣಿಯ ಬೇರೆ ಬೇರೆ ಜಾತಿಯವರು. ಹುಕ್ಕೇರಿ ಕಡೆಯ ಒಂದು ಹಳ್ಳಿಯಿಂದ ಬಂದಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮುಂದೆ ನಿಂತು ಹೇಳಿಕೊಡುತ್ತಿದ್ದರು.

ತಂಗಿಯ ಮಗ ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತು ಮೊಬೈಲು ನೋಡುತ್ತಿದ್ದ. ಅದರಲ್ಲೂ ಮೊಹರಂ ಇತ್ತು, ಆದರೆ ನಮ್ಮೆದುರಿನ ಮೊಹರಂ ಅಲ್ಲ. ಈ ಆಚರಣೆ ಸರಿಯೋ ತಪ್ಪೋ ಎಂದು ಇಬ್ಬರು ಕಿರುಚಾಡುತ್ತಿದ್ದರು. ಅದು ಮುಗಿಯುತ್ತಲೇ ಯಾವುದೋ ದೂರದ ಊರಿನ ಮೆರವಣಿಗೆಯ ಗಲಾಟೆ. ಅದರ ಹಿಂದೆಯೇ ಮುಸಲ್ಮಾನರೆಲ್ಲ ಹೀಗೆಯೇ ಎಂದು ಒಬ್ಬಾತ ಬೆರಳು ತೋರಿಸಿ ಮಾತಾಡುವ ಇನ್ನೊಂದು.

"ಇದನ್ಯಾಕ ಹುಡುಕಿದ್ಯೋ?" ಎಂದೆ.

"ನಾ ಎಲ್ಲಿ ಹುಡುಕೇನಿ ಮಾಮು, ತಾನ ಬಂತು" ಎಂದ.

ಅವನು ಸುಳ್ಳು ಹೇಳಲಿಲ್ಲ. ಮನಸ್ಸಿಗೆ ಚುಚ್ಚಿದ್ದು ಬೇರೆ ವಿಚಾರ. ಎದುರಿಗೆ ಅವನ ಗೆಳೆಯನೊಬ್ಬ ಮೇಳದಲ್ಲಿ ದನಿಗೂಡಿಸುತ್ತಿದ್ದ. ಹುಡುಗ ಮುಸಲ್ಮಾನನಲ್ಲ. ಹಾಡು ಮುಗಿಸಿ ಮನೆಗೆ ಹೋಗಿ ಮಲಗುವ ಮುನ್ನ ಅವನೂ ಮೊಬೈಲು ತೆಗೆಯುತ್ತಾನೆ. ನಮ್ಮ ಬಗ್ಗೆ ಅವನಿಗೆ ಅಲ್ಲಿ ಏನು 'ತಾನಾಗಿ' ಬರುತ್ತದೆ? ಅವರ ಬಗ್ಗೆ ನಮ್ಮ ಹುಡುಗನಿಗೆ ಏನು ಬರುತ್ತದೆ? ಒಂದೇ ಹಾಡಿಗೆ ದನಿ ಕೊಟ್ಟ ಇಬ್ಬರು ಹುಡುಗರು ಮಲಗುವ ಹೊತ್ತಿಗೆ ಎರಡು ಬೇರೆ ಲೋಕಗಳಲ್ಲಿ ಇರುತ್ತಾರೆ. ಪುಸ್ತಕವನ್ನು, ನಾಟಕವನ್ನು ವಿಮರ್ಶೆ ಮಾಡುವ ನಾವು, ದಿನಕ್ಕೆ ಹತ್ತಾರು ಸಲ ನಮ್ಮ ಕೈಗೆ ಏನೇನನ್ನೋ ಕೊಡುವ ಈ ಕಾಣದ ಆಯ್ಕೆಗಾರನನ್ನು ಮಾತ್ರ ಏಕೆ ವಿಮರ್ಶೆಗೆ ಒಳಪಡಿಸಬಾರದು?

ಈ ಆಯ್ಕೆಗೆ ಕನ್ನಡದಲ್ಲಿ 'ಶಿಫಾರಸು' ಎಂದೇ ಹೆಸರು. ಉರ್ದು ಶಾಲೆಯಲ್ಲಿ ನಾನು ಕಲಿತ 'ಸಿಫಾರಿಶ್' ಇದೇ ಫಾರಸಿ ಮಾತು. ಒಬ್ಬನ ಪರವಾಗಿ ಶಿಫಾರಸು ಮಾಡುವುದೆಂದರೆ ನಮ್ಮ ಹಿರಿಯರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಹೇಳಿದವನ ಮಾನವೂ ಅದರ ಜೊತೆಗೆ ಹೋಗುತ್ತಿತ್ತು. ಕಳಿಸಿದ ಆಳು ಕೆಟ್ಟವನಾದರೆ "ನೀವಲ್ಲವೇ ಹೇಳಿದ್ದು?" ಎಂದು ಕೇಳಲು ಒಂದು ಮುಖ ಇರುತ್ತಿತ್ತು. ರಿವಾಯತ್ ಎಂಬ ಅರಬಿ ಮಾತಿನಲ್ಲೂ ಇದೇ ಹೊಣೆಯಿದೆ. ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸುವುದು ರಿವಾಯತ್, ತಲುಪಿಸುವವನು ರಾವಿ. ಹದೀಸ್ ಪಂಡಿತರು ಮಾತಿನ ಜೊತೆಗೆ ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನೂ ಕೇಳುತ್ತಾರೆ. ರಾವಿಯ ನೆನಪು ಗಟ್ಟಿಯೇ, ನಡತೆ ನೆಟ್ಟಗಿದೆಯೇ ಎಂದು ವಿಚಾರಿಸುವ ಒಂದು ಶಾಸ್ತ್ರವನ್ನೇ ಅವರು ಬೆಳೆಸಿದರು. ಮೊಬೈಲಿನ ಶಿಫಾರಸಿಗೆ ರಾವಿ ಇಲ್ಲ. ಯಾರು ಹೇಳಿದರು, ಏಕೆ ಹೇಳಿದರು ಎಂದು ಕೇಳಿದರೆ ಉತ್ತರ ಕೊಡುವ ಮುಖವಿಲ್ಲ.

ಹಾಗಾದರೆ ಅದು ಯಾವ ಆಧಾರದ ಮೇಲೆ ಆರಿಸುತ್ತದೆ? 2012ರಲ್ಲಿ ಯೂಟ್ಯೂಬ್ ತನ್ನ ಅಳತೆಗೋಲು ಬದಲಿಸಿತು. ವಿಡಿಯೊವನ್ನು ಎಷ್ಟು ಜನ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ತೂಕ ಬಂತು. ಅಲ್ಲಿ ಜನ ಕಳೆಯುವ ಹೊತ್ತಿನ ಶೇ. 70ಕ್ಕೂ ಹೆಚ್ಚು ಭಾಗ ಶಿಫಾರಸುಗಳಿಂದ ಬರುತ್ತದೆ ಎಂದು ಅದರ ಹಿರಿಯ ಅಧಿಕಾರಿ ನೀಲ್ ಮೋಹನ್ 2018ರಲ್ಲಿ ಹೇಳಿದ್ದರು. ನೋಡುಗರ ತೃಪ್ತಿಯನ್ನೂ ಕೇಳಿ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ಕಂಪನಿ ಹೇಳುತ್ತದೆ. ಇರಬಹುದು. ಆದರೆ ಜಗಳ ನೋಡಲು ನಿಂತವನೂ ನಿಲ್ಲುತ್ತಾನೆ, ಹಾಡು ಕೇಳಲು ನಿಂತವನೂ ನಿಲ್ಲುತ್ತಾನೆ. ಸಂತೆಯಲ್ಲಿ ಗುಂಪು ಕೂಡಿದ್ದನ್ನು ಕಂಡು ಅಲ್ಲಿ ಒಳ್ಳೆಯದೇನೋ ನಡೆದಿದೆ ಎಂದುಕೊಂಡರೆ ಎಷ್ಟು ಸರಿಯೋ, ಹೊತ್ತಿನ ಲೆಕ್ಕವೂ ಅಷ್ಟೇ ಸರಿ. 2016ರಲ್ಲಿ ಜಿಯೊ ಬಂದ ಮೇಲೆ ಅಗ್ಗದ ಇಂಟರ್‌ನೆಟ್ ಹಳ್ಳಿಹಳ್ಳಿಗೂ ಮುಟ್ಟಿತು. 2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಕೆಲವೇ ತಿಂಗಳಲ್ಲಿ ಯೂಟ್ಯೂಬಿನ ಶಾರ್ಟ್ಸ್ ನಮ್ಮ ದೇಶದಲ್ಲೇ ಮೊದಲು ಶುರುವಾಯಿತು. ರಾತ್ರಿಯಿಡೀ ಹಾಡುವ ರಿವಾಯತ್ ಅರ್ಧ ನಿಮಿಷದ ಈ ಅಳತೆಗೆ ಹೇಗೆ ಹೊಂದೀತು?

ಕತೆಗಾರನಾದ ನನಗೆ ಹತ್ತಿರದ ಇನ್ನೊಂದು ಉದಾಹರಣೆ ಕೊಡುತ್ತೇನೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ 'ಹಾರ್ಟ್ ಲ್ಯಾಂಪ್' ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದರಲ್ಲಿರುವ 12 ಕತೆಗಳು 1990ರಿಂದ 2023ರವರೆಗೆ ಬರೆದಂಥವು. ಅಂದರೆ ಅವುಗಳಲ್ಲಿ ಹಳೆಯವು ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡದಲ್ಲಿ ಇದ್ದವು. ಅವರ 'ಕರಿ ನಾಗರಗಳು' ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 2004ರಲ್ಲೇ 'ಹಸೀನಾ' ಚಿತ್ರ ಮಾಡಿದ್ದರು. ನನ್ನ ಮೊಬೈಲಿಗೆ ಅವರ ಹೆಸರು ತಾನಾಗಿ ಬಂದದ್ದು ಎರಡೇ ಸಲ: ಪ್ರಶಸ್ತಿ ಬಂದಾಗ ಒಮ್ಮೆ, ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದು ವಿವಾದವಾಗಿ ಸುಪ್ರೀಂ ಕೋರ್ಟಿನವರೆಗೆ ಹೋದಾಗ ಇನ್ನೊಮ್ಮೆ. ಎರಡು ಸಲವೂ ಬಂದದ್ದು ಸುದ್ದಿ, ಎರಡನೆಯ ಸಲ ಸುದ್ದಿಗಿಂತ ಹೆಚ್ಚಾಗಿ ಬೈಗುಳ. ಒಂದು ಕತೆಯೂ ಬರಲಿಲ್ಲ. ಆ ಕತೆಗಳನ್ನು ನಾನು ಓದಿದ್ದು ಕಾಲೇಜಿನ ದಿನಗಳಲ್ಲಿ, ನಮ್ಮ ಕನ್ನಡ ಮೇಷ್ಟ್ರು "ಇದನ್ನ ಓದಿ ಬಾ, ಆಮ್ಯಾಲ ನೀ ಬರದ ಕತಿ ತೋರಸು" ಎಂದು ಪುಸ್ತಕ ಕೈಗಿಟ್ಟದ್ದರಿಂದ. ಆ ಶಿಫಾರಸಿಗೆ ಮುಖವಿತ್ತು. ಮರುದಿನ ಪ್ರಶ್ನೆ ಕೇಳುವ ಕಣ್ಣೂ ಇತ್ತು.

ಮೂಡಲಗಿಗೆ ಮರಳುತ್ತೇನೆ. ಮರುದಿನ ಅಳಿಯನೂ ನಾನೂ ಕುಳಿತು ಅವನ ಮೊಬೈಲಿನಲ್ಲಿ ನೋಡಿದ್ದರ ಹಳೆಯ ದಾಖಲೆಯನ್ನು ಅಳಿಸಿದೆವು, ಮುಂದೆ ದಾಖಲಾಗದಂತೆ ಮಾಡಿದೆವು. ಒಂದರ ಹಿಂದೆ ಒಂದು ತಾನಾಗಿ ಓಡುವುದನ್ನೂ ನಿಲ್ಲಿಸಿದೆವು. 2023ರಿಂದ ಯೂಟ್ಯೂಬಿನಲ್ಲಿ ಹೀಗೆ ಮಾಡಿದರೆ ಮುಖಪುಟ ಖಾಲಿಯಾಗುತ್ತದೆ, ಮೇಲೆ ಹುಡುಕುವ ಜಾಗ ಮಾತ್ರ ಉಳಿಯುತ್ತದೆ. ಹುಡುಗ ಆ ಬಿಳಿ ಪುಟವನ್ನೇ ನೋಡುತ್ತ, "ಈಗ ಏನ್ ನೋಡೂದು ಮಾಮು?" ಎಂದ.

ನಿಜವಾದ ಪ್ರಶ್ನೆ ಇದೇ. ತಾನಾಗಿ ಬರುವುದನ್ನು ನಿಲ್ಲಿಸುವುದು ಎರಡು ನಿಮಿಷದ ಕೆಲಸ. ಆಮೇಲೆ ಏನನ್ನು ಕೇಳಬೇಕು ಎಂಬುದು ಗೊತ್ತಿರಬೇಕು. ಕೇಳಲು ಒಂದು ಹೆಸರು ಬೇಕು, ಹೆಸರು ಕೊಡಲು ಒಬ್ಬ ರಾವಿ ಬೇಕು.

ಊರ ಹೆಸರಿನಿಂದಲೇ ಶುರು ಮಾಡಿದೆವು. 'ಗೋಕಾಕ' ಎಂದು ಬರೆದರೆ ಜಲಪಾತ, ಕರದಂಟು, ರಾಜಕಾರಣ, ಅದರ ಜೊತೆಗೆ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಮತ್ತು ಅವರ ವರದಿಯ ಹೆಸರಿನ ಚಳವಳಿ. 'ಹುಕ್ಕೇರಿ' ಎಂದರೆ ಸಾವಿರ ಹಾಡಿನ ಸರದಾರ ಹುಕ್ಕೇರಿ ಬಾಳಪ್ಪ. ಅವರು ಮುರಗೋಡದವರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಆ ಹೆಸರಿಗೆ ಸಿಗುವುದಿಲ್ಲ. 'ಬೆಟಗೇರಿ' ಎಂದರೆ ಗದಗಿನ ಜೋಡಿ ಊರು ಬರುತ್ತದೆ. 1900ರಲ್ಲಿ ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು ಬೇಕಾದರೆ 'ಬೆಟಗೇರಿ ಕೃಷ್ಣಶರ್ಮ' ಎಂದು ಪೂರ್ತಿ ಬರೆಯಬೇಕು. ಮೂಡಲಗಿ ಬೇರೆ ತಾಲ್ಲೂಕಾದದ್ದು 2018ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಕುಲಗೋಡವನ್ನು ಗೋಕಾಕ ತಾಲ್ಲೂಕಿನಲ್ಲಿ ನೋಡಬೇಕು. ಜಿಲ್ಲೆಯ ಹೆಸರೂ 2014ರವರೆಗೆ ಇಂಗ್ಲಿಷಿನಲ್ಲಿ ಬೆಲ್ಗಾಮ್. ರಿವಾಯತ್ ಎಂಬುದನ್ನಂತೂ ಜನ ರಿವಾಯತ, ರಿವಾಯಿತಿ, ರಿವಾಯ್ತ್ ಎಂದು ಕಿವಿಗೆ ಬಿದ್ದಂತೆ ಬರೆಯುತ್ತಾರೆ. ಎಲ್ಲ ರೂಪಗಳನ್ನೂ ಬರೆದು ನೋಡಿದಾಗ ಮಾತ್ರ, ಬೆರಳೆಣಿಕೆಯ ಜನ ನೋಡಿದ ಪೂರ್ತಿ ಹಾಡುಗಳು ಒಂದೊಂದಾಗಿ ಹೊರಬಂದವು.

ಹೆಸರು ಕೊಟ್ಟ ದೊಡ್ಡ ರಾವಿಗಳು ಪುಸ್ತಕಗಳೇ. ಕಂಬಾರರು ಸಂಪಾದಿಸಿ 1985ರಲ್ಲಿ ಹೊರಬಂದ 'ಕನ್ನಡ ಜಾನಪದ ವಿಶ್ವಕೋಶ', ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು', ಇಂಥವನ್ನು ಪಕ್ಕದಲ್ಲಿಟ್ಟುಕೊಂಡರೆ ಇಂಟರ್‌ನೆಟ್ಟಿನಲ್ಲಿ ಕೇಳಬೇಕಾದ ನೂರು ಹೆಸರು ಸಿಗುತ್ತವೆ. ಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣ, ಅದರ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮ, ಇವರನ್ನು ಹೆಸರು ಹಿಡಿದು ಕರೆದರಷ್ಟೇ ಓಗೊಡುತ್ತಾರೆ. ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳು ಪುಟಪುಟವಾಗಿ ಇವೆ. ಬೆಂಗಳೂರಿನ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ತಂಡದವರು ಸ್ಕ್ಯಾನ್ ಮಾಡಿ ಸೇರಿಸಿದವೂ ಅಲ್ಲಿವೆ. ಮರೆತ ಮಾತಿಗೆ ಅರ್ಥ ಬೇಕಾದರೆ ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ದುಡಿದು ಕಟ್ಟಿದ 'ಅಲರ್' ನಿಘಂಟು 2019ರಿಂದ ಎಲ್ಲರಿಗೂ ಪುಕ್ಕಟೆ. ಉರ್ದು ಓದುವವರಿಗೆ 2013ರಿಂದ 'ರೇಖ್ತಾ' ಇದೆ. ಉರ್ದು ಲಿಪಿ ಬಾರದ ನಮ್ಮ ಮಕ್ಕಳು ಅಲ್ಲಿ ನಾಗರಿಯಲ್ಲೋ ರೋಮನ್ನಿನಲ್ಲೋ ಗಜಲ್ ಓದಬಹುದು, ಪದದ ಮೇಲೆ ಬೆರಳಿಟ್ಟರೆ ಅರ್ಥವೂ ಸಿಗುತ್ತದೆ. ಇವೆಲ್ಲ ಇರುವುದು ಅದೇ ಮೊಬೈಲಿನಲ್ಲಿ, ಆದರೆ ಹೋಗಿ ಬಾಗಿಲು ತಟ್ಟಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಮನುಷ್ಯರ ಶಿಫಾರಸು ಎಲ್ಲ ಕಾಲಕ್ಕೂ ಶುದ್ಧವಾಗಿತ್ತೇ? ಇರಲಿಲ್ಲ. ನಮ್ಮ ಕಡೆ ಅದಕ್ಕೆ ವಶೀಲಿ ಎಂಬ ಇನ್ನೊಂದು ಹೆಸರಿದೆ. ಹಳೆಯ ಪಠ್ಯಗಳಲ್ಲಿ, ವಿಮರ್ಶಕರ ಪಟ್ಟಿಗಳಲ್ಲಿ ಮುಸಲ್ಮಾನರು ಎಷ್ಟು ಜನ ಇದ್ದರು? ಬಯಲಾಟದ ಹೆಣ್ಣುಮಕ್ಕಳು ಎಷ್ಟು ಜನ ಇದ್ದರು? ನನ್ನ ಮೇಷ್ಟ್ರಿಗೂ ರಿವಾಯತ್ ಸಾಹಿತ್ಯವೆನಿಸಿರಲಿಲ್ಲ. ಯಂತ್ರವೂ ಒಮ್ಮೊಮ್ಮೆ ನನಗೆ ಒಳ್ಳೆಯ ಕವ್ವಾಲಿ ಕೇಳಿಸಿದೆ, ಇಲ್ಲವೆನ್ನಲಾರೆ. ಆದರೂ ಒಂದು ವ್ಯತ್ಯಾಸವಿದೆ. ಮೇಷ್ಟ್ರ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ನಾವು ಜಗಳವಾಡಬಹುದಿತ್ತು. ಬಂಡಾಯ, ದಲಿತ, ಮುಸ್ಲಿಂ ಬರಹಗಾರರು ಹಾಗೆ ಜಗಳವಾಡಿಯೇ ಆ ಪಟ್ಟಿಯನ್ನು ದೊಡ್ಡದು ಮಾಡಿದರು. ನನ್ನ ಮೊಬೈಲಿನ ಪಟ್ಟಿ ನನಗೊಬ್ಬನಿಗೇ ಕಾಣುತ್ತದೆ, ಅಳಿಯನದು ಅವನೊಬ್ಬನಿಗೇ. ಒಬ್ಬರದು ಇನ್ನೊಬ್ಬರಿಗೆ ಕಾಣದ ಮೇಲೆ ತಕರಾರು ಎತ್ತುವುದು ಹೇಗೆ, ಯಾರ ಹತ್ತಿರ?

ಹುಡುಕುವವನಿಗೆ ಒಂದು ಋಣವೂ ಇದೆ. ನಮ್ಮ ಹುಡುಗರು ಮೊಹರಂನಲ್ಲಿ ರಾಶಿ ರಾಶಿ ವಿಡಿಯೊ ಹಿಡಿಯುತ್ತಾರೆ. ಹಾಡನ್ನು ತುಂಡು ಮಾಡಿ, ಮೇಲೊಂದು ಡಿಜೆ ಸದ್ದು ಸೇರಿಸಿ 'ಸೂಪರ್ ಮೊಹರಂ ಸ್ಟೇಟಸ್' ಎಂದು ಹಾಕುತ್ತಾರೆ. ಊರಿಲ್ಲ, ಮೇಳದ ಹೆಸರಿಲ್ಲ, ಕಟ್ಟಿದವರು ಯಾರೆಂದಿಲ್ಲ. ಅದು ರಾವಿಯನ್ನು ಅಳಿಸಿದ ರಿವಾಯತ್. ಹತ್ತು ವರ್ಷದ ನಂತರ ಯಾರು ಏನೆಂದು ಕೇಳಿ ಅದನ್ನು ಹುಡುಕಬೇಕು? ಹಾಡಿದವರನ್ನು ಕೇಳಿ, ಅವರು ಒಪ್ಪಿದರೆ ಪೂರ್ತಿ ಹಾಡನ್ನು ಹಾಕಬೇಕು. ಅದರ ಕೆಳಗೆ ಊರು, ವರ್ಷ, ಮೇಳ, ಕವಿಯ ಹೆಸರು ಬರೆಯಬೇಕು. ನಾಲ್ಕು ಸಾಲಿನ ಈ ಕೆಲಸವನ್ನು ಯಾವ ಯಂತ್ರವೂ ನಮ್ಮ ಪರವಾಗಿ ಮಾಡಲಾರದು.

ಆ ದಿನ ಸಂಜೆ ದೇವರು ಹೊಳೆಗೆ ಹೋದ ಮೇಲೆ ಅಳಿಯನನ್ನು ಕರೆದುಕೊಂಡು ಆ ಹಿರಿಯರ ಹತ್ತಿರ ಹೋದೆ. ಹಿಂದಿನ ರಾತ್ರಿಯ ಹಾಡು ಯಾರದೆಂದು ಕೇಳಿದೆವು. ಅವರು ನಕ್ಕು, "ಕಡೀ ನುಡಿ ಕೇಳ್ಲಿಲ್ಲೇನ ತಮ್ಮಾ? ಊರು, ಗುರು, ಕವಿ ಎಲ್ಲಾ ಅಲ್ಲೇ ಐತಿ" ಎಂದರು. ನಿಜ, ರಿವಾಯತ್ ಕಟ್ಟುವವರು ಕಡೆಯ ನುಡಿಯಲ್ಲಿ ತಮ್ಮ ಊರು, ಗುರುವಿನ ಹೆಸರು ಸೇರಿಸುತ್ತಾರೆ. ಅಲ್ಲಿಯವರೆಗೆ ಕಾದು ಕೇಳುವುದು ನಮ್ಮ ಕೆಲಸ.

ಅವರು ಕೂತಲ್ಲೇ ಆ ನುಡಿಯನ್ನು ಮತ್ತೊಮ್ಮೆ ಹಾಡಿದರು. ಅಳಿಯ ಮೊಬೈಲು ಕಿಸೆಯಲ್ಲಿಟ್ಟು ಪೂರ್ತಿ ಕೇಳಿದ, ಆಮೇಲೆ ಹೊರತೆಗೆದು ಊರಿನ ಹೆಸರು ಬರೆದುಕೊಂಡ. "ಬರೋ ವರ್ಷ ಆ ಊರಿಗೆ ಹೋಗೂಣು ಮಾಮು" ಎಂದ. ಹೋಗೋಣ ಎಂದೆ.