ಬಯಲಿಗಿಳಿದ ತೈಲವರ್ಣ: ಮೈಸೂರು ಸೀಮೆಯ ನಿಸರ್ಗಚಿತ್ರಣವನ್ನು ಕುರಿತು

ಮೈಸೂರು ಸೀಮೆಯ ಆಧುನಿಕ ಚಿತ್ರಕಲೆಯನ್ನು ಕುರಿತ ಬರಹಗಳಲ್ಲಿ ಭಾವಚಿತ್ರಕ್ಕೂ ಪೌರಾಣಿಕ ಚಿತ್ರಕ್ಕೂ ಸಂದಿರುವ ಗಮನ ನಿಸರ್ಗಚಿತ್ರಕ್ಕೆ ಸಂದಿಲ್ಲ. ಸಂದಿರುವಷ್ಟೂ ಬಹುಮಟ್ಟಿಗೆ ಜಲವರ್ಣದ ಪಾಲಾಗಿದೆ. ಬಯಲಿನಲ್ಲಿ ನಿಂತು, ಕಣ್ಣೆದುರಿನ ಬೆಳಕನ್ನು ತೈಲವರ್ಣದಲ್ಲಿ ಹಿಡಿಯುವ ಪದ್ಧತಿ ಇಲ್ಲಿ ಏಕೆ ಬೇರೂರಲಿಲ್ಲ, ರೂಢಿಸಿಕೊಂಡವರು ಏನನ್ನು ಸಾಧಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದು ಕೇವಲ ಮಾಧ್ಯಮಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಂತಹ ಹೋಬಳಿಯ ಕೆಂಪು ನೆಲ ನಮ್ಮ ಚಿತ್ರಕಲೆಗೆ 'ದೃಶ್ಯ'ವಾಗಿ ಕಂಡೀತೇ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ.

ಮೈಸೂರಿಗೆ ತೈಲವರ್ಣ ಪ್ರತಿಷ್ಠೆಯ ಮಾಧ್ಯಮವಾಗಿ ಬಂದಿತು. ರಾಜಾ ರವಿವರ್ಮ (1848–1906) ತಮ್ಮ ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗಾಗಿ ರಚಿಸಿದ ಪೌರಾಣಿಕ ಚಿತ್ರಗಳು ಮುಂದಿನ ಪೀಳಿಗೆಗೆ ಮಾದರಿಯಾದವು. ರವಿವರ್ಮರ ತಮ್ಮ ಸಿ. ರಾಜರಾಜವರ್ಮ ಸ್ವತಃ ನುರಿತ ನಿಸರ್ಗಚಿತ್ರಕಾರರಾಗಿದ್ದರು. ಆದರೆ ಇಲ್ಲಿಯವರು ಅಣ್ಣನಿಂದ ಕಲಿತಷ್ಟನ್ನು ತಮ್ಮನಿಂದ ಕಲಿಯಲಿಲ್ಲ. ಮಾದರಿಯಾಗಿ ಉಳಿದದ್ದು ಸೀರೆಯ ಜರಿ, ಒಡವೆಯ ಹೊಳಪು, ಮುಖದ ಮೃದುತ್ವ. ಹಿನ್ನೆಲೆಯ ಗುಡ್ಡ, ಮರ, ಕೊಳಗಳು ರಂಗಪರದೆಯ ಸ್ಥಾನಕ್ಕಿಳಿದವು.

ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ 26 ಪಟಗಳನ್ನು ಈ ದೃಷ್ಟಿಯಿಂದ ನೋಡಬೇಕು. 1934ರಿಂದ 1945ರ ಅವಧಿಯಲ್ಲಿ ಆಸ್ಥಾನದ ಕಲಾವಿದರು ರಚಿಸಿದ ಇವುಗಳಲ್ಲಿ ಅನೇಕವು ಛಾಯಾಚಿತ್ರಗಳನ್ನು ಆಧರಿಸಿವೆ. ವಸ್ತು ಸಂಪೂರ್ಣವಾಗಿ ಹೊರಾಂಗಣದ್ದು: ಬೀದಿ, ಜನಜಂಗುಳಿ, ಆನೆ, ಕುದುರೆ, ಆಕಾಶ. ಆದರೆ ಅಲ್ಲಿನ ಬೆಳಕು ಬಯಲಿನದಲ್ಲ. ಅಂದಿನ ಛಾಯಾಚಿತ್ರ ಕಪ್ಪು ಬಿಳುಪಿನ ಅಂತರವನ್ನಷ್ಟೇ ಒದಗಿಸಬಲ್ಲದು. ವರ್ಣವನ್ನು ಕಲಾವಿದ ತನ್ನ ತಿಳಿವಳಿಕೆಯಿಂದ ತುಂಬಬೇಕು. ಹೀಗಾಗಿ ಸಮವಸ್ತ್ರದ ಕೆಂಪು ಎಲ್ಲೆಡೆಯೂ ಸಮವಸ್ತ್ರದ ಕೆಂಪಾಗಿಯೇ ಇರುತ್ತದೆ. ಬಿಸಿಲಿನಲ್ಲಿ ಅದು ಕಿತ್ತಳೆಗೆ ತಿರುಗುವುದಾಗಲಿ, ನೆರಳಿನಲ್ಲಿ ನೇರಳೆಗೆ ಸರಿಯುವುದಾಗಲಿ ವಿರಳ. ದಾಖಲೆಯ ದೃಷ್ಟಿಯಿಂದ ಈ ಪಟಗಳ ಮೌಲ್ಯ ನಿರ್ವಿವಾದ. ನಿಸರ್ಗಚಿತ್ರಣದ ದೃಷ್ಟಿಯಿಂದ ಮಾತ್ರ ಅವು ಕೋಣೆಯೊಳಗೆ ಕುಳಿತು ಕಂಡ ಬೀದಿಗಳು.

ಇದರಲ್ಲೊಂದು ವಿಪರ್ಯಾಸವಿದೆ. ಹಿಸುಕಿ ಬಣ್ಣ ತೆಗೆಯುವ ಲೋಹದ ಟ್ಯೂಬನ್ನು ಅಮೆರಿಕದ ಜಾನ್ ಗೋಫ್ ರ‍್ಯಾಂಡ್ 1841ರಲ್ಲಿ ರೂಪಿಸಿದ ಮೇಲೆಯೇ ಯುರೋಪಿನ ಚಿತ್ರಕಾರರಿಗೆ ತೈಲವರ್ಣವನ್ನು ಹೊಲ, ನದೀತೀರಗಳಿಗೆ ಒಯ್ಯುವುದು ಸುಲಭವಾಯಿತು. ಫ್ರಾನ್ಸಿನ ಪರಿಣಾಮವಾದಿಗಳ ಸಾಧನೆಯ ಹಿಂದೆ ಈ ಸಣ್ಣ ವಸ್ತುವಿದೆ. ಮೈಸೂರಿನಲ್ಲಿಯೂ ಟ್ಯೂಬು ದೊರೆಯುತ್ತಿತ್ತು, ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ತರಬೇತಿಯೂ ದೊರೆಯುತ್ತಿತ್ತು. ಆದರೆ ಬಯಲಿಗೆ ಕಳುಹಿಸುವ ಪೋಷಕನಿರಲಿಲ್ಲ. ಭಾವಚಿತ್ರ ಬೇಕೆನ್ನುವವರಿದ್ದರು, ರಾಗಿಯ ಹೊಲದ ಚಿತ್ರ ಬೇಕೆನ್ನುವವರು ಯಾರು?

ಬಯಲಿಗೆ ಹೊರಟವರಲ್ಲಿ ಅಗ್ರಗಣ್ಯರಾದ ಕೆ. ವೆಂಕಟಪ್ಪನವರು (1886–1965) ಜಲವರ್ಣವನ್ನು ಆಯ್ದುಕೊಂಡರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಶಿಕ್ಷಣ ಪಡೆದ ಅವರು 1920 ಮತ್ತು 1930ರ ದಶಕಗಳಲ್ಲಿ ಉದಕಮಂಡಲ, ಕೊಡೈಕನಾಲ್‌ಗಳನ್ನು ಚಿತ್ರಿಸಿದರು. ಮಂಜು, ಮೋಡ, ಬೆಟ್ಟದ ಹಿಂದಿನ ಬೆಟ್ಟ ಇವು ಪಾರದರ್ಶಕ ವರ್ಣಕ್ಕೆ ಹೇಳಿ ಮಾಡಿಸಿದ ವಸ್ತುಗಳು. ಅವರ ಸಾಧನೆ ಎಷ್ಟು ಪೂರ್ಣವಾದುದೆಂದರೆ, ನಿಸರ್ಗಚಿತ್ರವೆಂದರೆ ದೂರ, ತಂಪು, ತೆಳುವು ಎಂಬ ರುಚಿಯೇ ನಮ್ಮಲ್ಲಿ ನೆಲೆಗೊಂಡಿತು. ಗುಡ್ಡಗಾಡಿನ ಈ ಅಳತೆಗೋಲನ್ನು ಬಯಲುಸೀಮೆಗೆ ಹಿಡಿದಾಗ ಬಯಲುಸೀಮೆ ಸಹಜವಾಗಿಯೇ ಸೋಲುತ್ತದೆ.

ಈ ರುಚಿಗೆ ಎದುರಾಗಿ ನಿಂತವರು ರುಮಾಲೆ ಚನ್ನಬಸವಯ್ಯನವರು (1910–1988). ಸ್ವಾತಂತ್ರ್ಯ ಹೋರಾಟ, ಪತ್ರಿಕೋದ್ಯಮ, ರಾಜಕೀಯಗಳಲ್ಲಿ ಬಹುಕಾಲ ತೊಡಗಿದ್ದು, 1960ರ ದಶಕದಲ್ಲಿ ಚಿತ್ರಕಲೆಗೆ ಪೂರ್ಣವಾಗಿ ಮರಳಿದ ಅವರು ಬೆಂಗಳೂರಿನ ರಸ್ತೆಬದಿಗಳಲ್ಲಿ, ಉದ್ಯಾನಗಳಲ್ಲಿ ದೊಡ್ಡ ಕ್ಯಾನ್ವಾಸ್‌ಗಳನ್ನಿಟ್ಟು ಹೂಬಿಟ್ಟ ಮರಗಳನ್ನು ಚಿತ್ರಿಸಿದರು. ತೈಲವರ್ಣ ನಿಧಾನವಾಗಿ ಒಣಗುವುದು. ಬೆಳಕಾದರೋ ಎರಡು ಗಂಟೆಯೊಳಗೆ ಬದಲಾಗುವುದು. ಆದ್ದರಿಂದ ಚಿಕ್ಕ ಹಲಗೆಯ ಮೇಲೆ ಒಂದೇ ಕೂರಿಕೆಯಲ್ಲಿ ಮುಗಿಸಬೇಕು, ಇಲ್ಲವೇ ಅದೇ ಹೊತ್ತಿಗೆ ಅದೇ ಸ್ಥಳಕ್ಕೆ ದಿನವೂ ಮರಳಬೇಕು. ದೊಡ್ಡ ಚಿತ್ರಕ್ಕೆ ಎರಡನೆಯ ದಾರಿಯೇ ಗತಿ. ಅಲ್ಲಿ ಹೂವೇ ಗಡಿಯಾರ. ತಬೂಬಿಯಾ ಉದುರುವುದರೊಳಗೆ ಚಿತ್ರ ಮುಗಿಯದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು. ರುಮಾಲೆಯವರ ತುಂಡುತುಂಡಾದ, ದಪ್ಪನೆಯ, ಬೆರೆಯದೆ ಪಕ್ಕಪಕ್ಕದಲ್ಲಿ ನಿಲ್ಲುವ ಕುಂಚದ ಗುರುತುಗಳನ್ನು ಅಲಂಕಾರವೆಂದೋ ವ್ಯಾನ್ ಗೋನ ಅನುಕರಣೆಯೆಂದೋ ತಳ್ಳಿಹಾಕುವವರು ಈ ಅವಸರವನ್ನು ಗಮನಿಸಿದಂತಿಲ್ಲ.

ಆದರೂ ಅವರ ಕೃತಿಗಳೆಲ್ಲವೂ ಒಂದೇ ಮಟ್ಟದವಲ್ಲ. ಆಕಾಶ, ಎಲೆ, ಮಣ್ಣು ಮೂರಕ್ಕೂ ಒಂದೇ ಅಳತೆಯ ಗುರುತುಗಳು ಬಿದ್ದ ಕಡೆ ದೂರ ಹತ್ತಿರಗಳ ಭೇದ ಅಳಿದು ಚಿತ್ರ ಕಸೂತಿಯಾಗುತ್ತದೆ. ಮರದ ಬುಡದಲ್ಲಿ ರಸ್ತೆ ಹಾದು, ಅದರ ಮೇಲೆ ನೆರಳು ಬಿದ್ದ ಕಡೆ ಅವರ ಕಣ್ಣು ಅತ್ಯಂತ ಚುರುಕು. ಇನ್ನೊಂದು ಮಾತನ್ನೂ ಹೇಳಬೇಕು. ಬೆಂಗಳೂರಿನ ಆ ಮರಸಾಲುಗಳಲ್ಲಿ ಬಹಳಷ್ಟು ನೋಟಕ್ಕೆಂದೇ ನೆಟ್ಟವು. ಲಾಲ್‌ಬಾಗ್‌ನ ಜಿ.ಎಚ್. ಕೃಂಬಿಗಲ್ (1865–1956) ಒಂದು ಜಾತಿ ಹೂಬಿಟ್ಟು ಮುಗಿಯುವಾಗ ಮತ್ತೊಂದು ಅರಳುವಂತೆ ಯೋಜಿಸಿದ್ದರು. ಅಂದರೆ ರುಮಾಲೆಯವರು ಎದುರಿಸಿದ್ದು ತೋಟಗಾರನೊಬ್ಬ ಆಗಲೇ ಸಂಯೋಜಿಸಿಟ್ಟ ದೃಶ್ಯವನ್ನು. ಯಾರೂ ನೋಟಕ್ಕೆಂದು ಸಂಯೋಜಿಸದ ನೆಲದ ಮುಂದೆ ಈ ಪದ್ಧತಿ ಏನಾದೀತು ಎಂಬ ಪರೀಕ್ಷೆ ಅಲ್ಲಿಗೆ ಬಾಕಿ ಉಳಿಯಿತು.

ಹಂಪಾಪುರದ ಸುತ್ತಣ ಸೀಮೆ ಅಂತಹ ಪರೀಕ್ಷೆಗೆ ತಕ್ಕುದು. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೃಷ್ಣರಾಜನಗರಗಳ ಈ ಭಾಗದಲ್ಲಿ ಕೆಂಪು ಮಣ್ಣಿನ ಹೊಲ, ನೀರು ಹರಿಯುವೆಡೆ ಗದ್ದೆ, ನಡುನಡುವೆ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು. ಇದು ಉತ್ತರ ಅಕ್ಷಾಂಶ 12 ಡಿಗ್ರಿಯ ಆಸುಪಾಸಿನ ನಾಡು. ಏಪ್ರಿಲ್ ಮತ್ತು ಆಗಸ್ಟ್ ತಿಂಗಳುಗಳ ಮೂರನೆಯ ವಾರ ಕಳೆಯುವ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಫ್ರಾನ್ಸ್, ಇಂಗ್ಲೆಂಡುಗಳ ನಿಸರ್ಗಚಿತ್ರಕ್ಕೆ ಆಳವನ್ನು ತಂದುಕೊಡುವ ಉದ್ದನೆಯ ಅಡ್ಡನೆರಳು ಆಗ ಇಲ್ಲಿಲ್ಲ. ನೆರಳು ಮರದ ಕಾಲಡಿಯಲ್ಲೇ ಮುದುಡಿಕೊಳ್ಳುತ್ತದೆ. ಬೆಳಕು ಮೇಲಿನಿಂದ ಬಿದ್ದಷ್ಟೇ ಬಲವಾಗಿ ನೆಲದಿಂದ ಪುಟಿಯುತ್ತದೆ. ಎಲೆಯ ಅಡಿಭಾಗ, ಸೂರಿನ ಒಳಮೈ, ದನದ ಹೊಟ್ಟೆ ಎಲ್ಲವೂ ಮಣ್ಣಿನ ಕೆಂಪನ್ನು ಹೀರುತ್ತವೆ. ನೆರಳಿಗೆ ನೀಲಿ ಹಚ್ಚಬೇಕೆಂಬ ಪಠ್ಯಪುಸ್ತಕದ ಪಾಠ ಇಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಐರೋಪ್ಯರ ಬಣ್ಣದ ಪೆಟ್ಟಿಗೆಯಲ್ಲಿ 'ಇಂಡಿಯನ್ ರೆಡ್' ಎಂಬ ಹೆಸರಿನ ಕಬ್ಬಿಣದ ಕೆಂಪು ಶತಮಾನಗಳಿಂದ ಇದೆ ಎಂಬುದು ಇಲ್ಲಿ ನೆನಪಾಗುತ್ತದೆ.

ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಆದ್ದರಿಂದ ಬಿಸಿಲು ಹೆಚ್ಚಿದಷ್ಟೂ ವರ್ಣ ತೆಳುವಾಗಬೇಕು. ಇಲ್ಲಿಯ ಬಿಸಿಲಾದರೋ ತೆಳುವಲ್ಲ, ಅದಕ್ಕೆ ತೂಕವಿದೆ. ತೈಲವರ್ಣದಲ್ಲಿ ಕೆಂಪನ್ನು ಮೊದಲು ಇಡೀ ಕ್ಯಾನ್ವಾಸಿಗೆ ಬಳಿದು, ಅದರ ಮೇಲೆ ಹಸುರನ್ನು ಅಪಾರದರ್ಶಕವಾಗಿ ಇಡುತ್ತಾ, ಸಂದುಗಳಲ್ಲಿ ನೆಲ ಇಣುಕುವಂತೆ ಬಿಡಬಹುದು. ಗಾಳಿಗೆ ಧೂಳು ಹಸಿ ಬಣ್ಣಕ್ಕೆ ಅಂಟುವುದು, ಮಳೆಗಾಲದ ತೇವಕ್ಕೆ ಒಣಗುವಿಕೆ ಎಳೆಯುವುದು ಮುಂತಾದ ತೊಡಕುಗಳು ಇದ್ದೇ ಇವೆ. ಅವು ಬೆಂಗಳೂರಿನ ರಸ್ತೆಬದಿಯಲ್ಲೂ ಇದ್ದವು.

ಬ್ಯಾರನ್ನನ್ನೇ ತೆಗೆದುಕೊಳ್ಳೋಣ. ಚೌಕನೆಯ ಎತ್ತರದ ಗೋಡೆ, ಮೇಲೆ ಸೂರು, ಒಳಗೆ ಕಡ್ಡಿಗಳಿಗೆ ಪೋಣಿಸಿದ ಸೊಪ್ಪು, ಹೊರಗೆ ಸೌದೆಯ ಒಟ್ಟಿಲು. ಸುಂದರವೆನ್ನಲು ಅದರಲ್ಲಿ ಏನೂ ಇಲ್ಲ, ಪುರಾತನವೆನ್ನಲೂ ಇಲ್ಲ. ಅದು ಒಂದು ಬೆಳೆಯ ಆರ್ಥಿಕತೆ ಕಟ್ಟಿಸಿದ ಗೋಡೆ. ಅದರ ಹಿಂದೆ ಸಾಲವಿದೆ, ಹರಾಜು ಕಟ್ಟೆಯ ಬೆಲೆಯಿದೆ, ಒಲೆಗೆ ಹೋದ ಮರಗಳಿವೆ. ಚಿತ್ರಕಾರನಿಗೆ ಕಾಣುವುದು ಇವಾವುವೂ ಅಲ್ಲ. ಆಗಸ್ಟಿನ ಮೋಡ ಸರಿದು ಸೂರ್ಯ ನೆತ್ತಿಗೆ ಬಂದ ಕ್ಷಣದಲ್ಲಿ, ಸೂರಿನ ಕೆಳಗಿನ ಕಿರುನೆರಳಿನೊಳಗೆ ಅಂಗಳದ ಮಣ್ಣಿನಿಂದ ಏರಿಬರುವ ಕೆಂಪು, ಆ ಕೆಂಪಿನ ಪಕ್ಕದಲ್ಲಿ ಒಲೆಯ ಬಾಯಿಯ ಮಸಿ, ಮಸಿಗೆ ತಾಗಿದಂತೆ ಕಿತ್ತುತಂದ ಸೊಪ್ಪಿನ ಹಳದಿ ಮಿಶ್ರಿತ ಹಸುರು. ಈ ವರ್ಣಗಳ ಸಂಬಂಧ ಉಳಿಯುವುದು ಹೆಚ್ಚೆಂದರೆ ಒಂದು ಗಂಟೆ, ಅದನ್ನು ಛಾಯಾಚಿತ್ರ ನೋಡಿ ಕೋಣೆಯಲ್ಲಿ ಕುಳಿತು ಊಹಿಸಲು ಬರುವುದಿಲ್ಲ.