ಪುರಾವೆ ಸಿಗಲಿಲ್ಲವೆಂದರೆ ಅಪಾಯವಿಲ್ಲವೆಂದೇ?

ಗ್ಯಾಲ್ವನಾಮೀಟರಿನ ಮುಳ್ಳು ಅಲುಗದಿದ್ದರೆ ವಿದ್ಯಾರ್ಥಿಗಳು 'ಕರೆಂಟೇ ಇಲ್ಲ ಸಾರ್' ಎನ್ನುತ್ತಾರೆ. ಉಪಕರಣ ಗುರುತಿಸಲಾರದಷ್ಟು ಕಡಿಮೆ ಇರಬಹುದಲ್ಲವೇ ಎಂದು ನಾವು ತಿದ್ದುತ್ತೇವೆ. ವ್ಯಾಪಾರದ ಒಪ್ಪಂದಗಳಲ್ಲಿ ಹೀಗೆ ತಿದ್ದುವವರು ಯಾರು? ಯುರೋಪಿನ ಹಾರ್ಮೋನು ವ್ಯಾಜ್ಯವನ್ನೇ ನೋಡಿ.

ಮಾಂಸಕ್ಕಾಗಿ ಸಾಕುವ ದನಗಳು ಬೇಗ ಬೆಳೆಯಲೆಂದು ಅಮೆರಿಕ, ಕೆನಡಾಗಳಲ್ಲಿ ಹಾರ್ಮೋನು ಕೊಡುತ್ತಾರೆ. ಅಂಥ ಮಾಂಸದ ಆಮದನ್ನು ಯುರೋಪು 1989ರಿಂದ ತಡೆಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯೊಂದಿಗೆ ಜಾರಿಗೆ ಬಂದ ನೈರ್ಮಲ್ಯ ಒಪ್ಪಂದದ ಪ್ರಕಾರ ಇಂಥ ತಡೆಗೆ ಅಪಾಯದ ವೈಜ್ಞಾನಿಕ ಅಂದಾಜು ಆಧಾರವಾಗಿರಬೇಕು. ಎರಡೂ ದೇಶಗಳು 1996ರಲ್ಲಿ ದೂರಿತ್ತವು. ಅಂಥ ಆಧಾರವಿಲ್ಲವೆಂದು ಮೇಲ್ಮನವಿ ಮಂಡಳಿ 1998ರಲ್ಲಿ ತೀರ್ಪಿತ್ತಿತು. ಯುರೋಪು ನಿಷೇಧ ತೆಗೆಯಲಿಲ್ಲ. 1999ರಲ್ಲಿ ಅಮೆರಿಕವು ಯುರೋಪಿನ 11.68 ಕೋಟಿ ಡಾಲರ್ ಬೆಲೆಯ ಸರಕಿನ ಮೇಲೆ ಶೇಕಡ 100 ಸುಂಕ ಹೇರಿತು.

ಷರತ್ತು ಕೆಟ್ಟದ್ದೇನಲ್ಲ. ಆರೋಗ್ಯದ ನೆಪದಲ್ಲಿ ತಮ್ಮ ವ್ಯಾಪಾರಿಗಳನ್ನು ಕಾಯುವ ಸರ್ಕಾರಗಳೂ ಉಂಟು. ಅಪಾಯವನ್ನು ಪ್ರಯೋಗಶಾಲೆಯಲ್ಲಷ್ಟೇ ಅಲ್ಲ, ಜನ ಬದುಕುವ ಜಗತ್ತಿನಲ್ಲಿ ನೋಡಬೇಕೆಂದು ಮಂಡಳಿ ಹೇಳಿದ್ದೂ ಸರಿಯೇ. ನನ್ನ ತಕರಾರು ಬೇರೆ.

ವಿಚಾರಣೆಯಲ್ಲಿ ತಜ್ಞರೊಬ್ಬರು ಒಂದು ಲೆಕ್ಕ ಕೊಟ್ಟರು. ಹತ್ತು ಲಕ್ಷ ಮಹಿಳೆಯರಲ್ಲಿ 1,10,000 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಅವರಲ್ಲಿ ಒಬ್ಬರಿಗಾದರೂ ಹಾರ್ಮೋನು ಕೊಟ್ಟ ದನದ ಮಾಂಸ ಕಾರಣವಾಗಬಹುದು. ಈ ಅಭಿಪ್ರಾಯ ಮಾಂಸದಲ್ಲಿನ ಹಾರ್ಮೋನಿನ ಶೇಷವನ್ನೇ ಕುರಿತ ಅಧ್ಯಯನದಿಂದ ಬಂದದ್ದಲ್ಲವೆಂದು ಮಂಡಳಿ ಅದನ್ನು ಬದಿಗಿಟ್ಟಿತು. ಈಗ ನೀವೇ ಲೆಕ್ಕ ಹಾಕಿ. 1,10,000 ಎಂಬ ಎಣಿಕೆಯಲ್ಲಿ ಆಕಸ್ಮಿಕ ಏರಿಳಿತವೇ ಮುನ್ನೂರರ ಆಸುಪಾಸು ಇರುತ್ತದೆ. (ವರ್ಗಮೂಲ ತೆಗೆದರೆ ಸಾಕು, ಸುಮಾರಾಗಿ ತಿಳಿಯುತ್ತದೆ.) ಅದರೊಳಗೆ ಅಡಗಿದ ಒಂದನ್ನು ಯಾವ ಸಮೀಕ್ಷೆ ಹೆಕ್ಕಿ ತೆಗೆದೀತು? ಅಂದಾಜು ತಪ್ಪಿರಬಹುದು, ಪರವಾಗಿಲ್ಲ. ಆದರೆ ಆ ಒಂದನ್ನು ಸಹಿಸಬೇಕೇ ಬೇಡವೇ ಎನ್ನುವುದು ಅಳತೆಯ ಪ್ರಶ್ನೆಯಲ್ಲ, ಆಯಾ ದೇಶದ ಜನರ ತೀರ್ಮಾನ.

ಸಾಕ್ಷ್ಯ ಸಾಲದಾದಾಗ ತಾತ್ಕಾಲಿಕ ಕ್ರಮಕ್ಕೆ ಒಪ್ಪಂದದಲ್ಲಿ ಅವಕಾಶವಿದೆ. ಆದರೆ 2003ರಲ್ಲಿ ಜಪಾನಿನ ಸೇಬಿನ ಪ್ರಕರಣದಲ್ಲಿ ಮಂಡಳಿ ಹೇಳಿದ್ದು: ಸಾಕ್ಷ್ಯದ ಕೊರತೆ ಬೇರೆ, ವೈಜ್ಞಾನಿಕ ಅನಿಶ್ಚಿತತೆ ಬೇರೆ, ಎರಡನೆಯದಕ್ಕೆ ಈ ವಿನಾಯಿತಿ ಇಲ್ಲ. ಅಳತೆಯ ದೋಷಮಿತಿಯನ್ನು ವಿದ್ಯಾರ್ಥಿಗಳಿಂದ ತಪ್ಪದೆ ಬರೆಸುವ ನಮಗೆ ಈ ವಿಂಗಡಣೆ ಅರಗುವುದಿಲ್ಲ.

ಹಕ್ಕಿಜ್ವರದ ಕಾರಣಕ್ಕೆ ಅಮೆರಿಕದ ಕೋಳಿ ಉತ್ಪನ್ನಗಳ ಮೇಲೆ ಭಾರತ ಹೇರಿದ್ದ ನಿರ್ಬಂಧವೂ 2015ರಲ್ಲಿ ಬಿತ್ತು; ಅಪಾಯದ ಅಂದಾಜಿನ ಆಧಾರವಿಲ್ಲವೆಂಬುದು ಅದಕ್ಕೊಂದು ಕಾರಣ. ಅದಕ್ಕಾಗಿ ನಾನು ಒಪ್ಪಂದವನ್ನು ದೂರಲಾರೆ. ಓದದೆ ಪರೀಕ್ಷೆಗೆ ಕೂತಂತಾಯಿತು. ಯುರೋಪು ಮಾತ್ರ ಹೊಸ ಅಧ್ಯಯನಗಳನ್ನು ಮಾಡಿಸಿ, ಸುಂಕದ ಹೊರೆ ಹೊತ್ತು, 2009ರಲ್ಲಿ ಹಾರ್ಮೋನು ಬಳಸದ ಮಾಂಸಕ್ಕೆ ಸುಂಕರಹಿತ ಪಾಲು ಕೊಟ್ಟು ಅಮೆರಿಕದೊಡನೆ ರಾಜಿಯಾಯಿತು. ಅದರ ನಿಷೇಧ ಇಂದಿಗೂ ಉಳಿದಿದೆ. ಅಷ್ಟು ವರ್ಷ, ಅಷ್ಟು ಹಣ ತೆತ್ತು ಕಾಯುವ ತಾಕತ್ತು ಬಡ ದೇಶಗಳಿಗೆಲ್ಲಿದೆ?