ಮಂಜಿದ್ದರೆ ಐದು ಮಿಲಿವಾಟ್ ಸಾಕು

ಆಷಾಢದ ಮಂಜು ಸಕಲೇಶಪುರದ ಗುಡ್ಡಗಳಿಗೆ ಇಳಿದ ಸಂಜೆ, ಐದು ಮಿಲಿವಾಟಿನ ಹಸಿರು ಲೇಸರೊಂದನ್ನು ಮನೆಯ ಹಿಂದಿನ ಖಾಲಿ ಗುಡ್ಡದ ಕಡೆಗೆ ಹಿಡಿದು ನೋಡಬೇಕು. ಬೆಂಗಳೂರಿನ ಬೇಸಿಗೆ ಗಾಳಿಯಲ್ಲಿ ಎದುರು ಗೋಡೆಯ ಮೇಲೆ ಬರೀ ಚುಕ್ಕೆಯಾಗಿ ಕಾಣುವ ಕಿರಣ ಇಲ್ಲಿ ಅಂಗೈಯಿಂದ ಹೊರಟ ಹಸಿರು ಗಳದಂತೆ ಉದ್ದಕ್ಕೂ ಕಾಣುತ್ತದೆ. ಮಂಜಿನ ಒಂದೊಂದು ಹನಿಯೂ ಬೆಳಕನ್ನು ಸುತ್ತ ಚದುರಿಸುವುದರಿಂದ ಪಕ್ಕದಲ್ಲಿ ನಿಂತವರಿಗೂ ಕಿರಣ ಕಾಣಿಸುತ್ತದೆ. ಸ್ವಲ್ಪ ದೂರ ಹೋಗಿ ಮಂಜಿನಲ್ಲೇ ಕರಗಿಬಿಡುತ್ತದೆ, ಅದೂ ಚೆಂದವೇ.

ಕೈಯಲ್ಲಿ ಹಿಡಿಯುವ ಲೇಸರನ್ನು ತಾವೇ ಕಟ್ಟುವ ಹುಡುಗರು ನನ್ನನ್ನು ಮೊದಲು ಕೇಳುವುದು, ‘ಎಷ್ಟು ವಾಟ್ ಸಾರ್?’ ಎಂದು. ಒಂದು ವಾಟ್, ಎರಡು ವಾಟ್, ಬೆಂಕಿಕಡ್ಡಿ ಹೊತ್ತುತ್ತದೆಯೇ, ಬಲೂನು ಒಡೆಯುತ್ತದೆಯೇ. ಲೇಸರಿನ ಗುಣವನ್ನು ಅಳೆಯುವ ಕೋಲು ಅದಲ್ಲ ಎಂದೇ ನನ್ನ ಅಭಿಪ್ರಾಯ. 2008ರ ಅಕ್ಟೋಬರಿನಲ್ಲಿ ಹೊರಟ ಚಂದ್ರಯಾನ-1ರಲ್ಲಿ ಚಂದ್ರನ ಗುಡ್ಡ-ಹಳ್ಳಗಳ ಎತ್ತರ ಅಳೆಯುವ ಲೇಸರ್ ಉಪಕರಣವಿತ್ತು. ಇಸ್ರೋದ ಬೆಂಗಳೂರಿನ ಪ್ರಯೋಗಾಲಯದಲ್ಲೇ ಅದು ತಯಾರಾಯಿತು. 100 ಕಿಲೋಮೀಟರ್ ಎತ್ತರದ ಕಕ್ಷೆಯಿಂದ ಅದು ಸೆಕೆಂಡಿಗೆ 10 ಸಲ, ಸಲಕ್ಕೆ 10 ಮಿಲಿಜೂಲ್ ಬೆಳಕನ್ನು ಚಂದ್ರನ ನೆಲಕ್ಕೆ ಹೊಡೆದು, ಮರಳಿ ಬಂದದ್ದನ್ನು ಹಿಡಿದು ದೂರ ಲೆಕ್ಕ ಹಾಕುತ್ತಿತ್ತು. ಆ ಮಿಡಿತ ಕ್ಷಣದಲ್ಲೊಂದು ಕ್ಷಣದ್ದು, ಹಾಗಾಗಿ ಅದರ ತೀವ್ರತೆ ಬಹಳ ದೊಡ್ಡದು ನಿಜ. ಆದರೂ ಸರಾಸರಿ ತೆಗೆದರೆ ವಾಟಿನ ಹತ್ತನೇ ಒಂದು ಭಾಗ. ಹುಡುಗರು ಹೇಳಿಕೊಳ್ಳುವ ವಾಟಿನ ಮುಂದೆ ಎಷ್ಟೋ ಕಡಿಮೆ. ಬೆಳಕನ್ನು ಚದುರದಂತೆ ಕಟ್ಟಿ ಕಳಿಸುವುದರಲ್ಲಿ, ಬಂದದ್ದನ್ನು ಗುರುತಿಸುವುದರಲ್ಲಿ ಅದರ ಹೆಚ್ಚುಗಾರಿಕೆ ಇತ್ತು.

ವಾಟಿನ ಹುಚ್ಚು ಹವ್ಯಾಸಿಗಳಿಗೆ ಹತ್ತಿದ್ದು ಎಲ್ಲಿಂದ ಎಂಬುದಕ್ಕೆ ಸ್ಪಷ್ಟ ಕಾರಣವಿದೆ. ಮೊದಲು ಸಿಗುತ್ತಿದ್ದದ್ದು ಹಾಳಾದ ಡಿವಿಡಿ ಬರ್ನರಿನೊಳಗಿನ ಕೆಂಪು ಡಯೋಡ್, ಕೆಲವು ನೂರು ಮಿಲಿವಾಟಿನದು. 1990ರ ದಶಕದ ನಡುವೆ ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರ ನೀಲಿ ಲೇಸರ್ ಡಯೋಡನ್ನು ಸಾಧಿಸಿದರು. 2010ರಲ್ಲಿ ಕ್ಯಾಸಿಯೊ ಕಂಪನಿ ಬಲ್ಬಿಲ್ಲದ ಪ್ರೊಜೆಕ್ಟರುಗಳನ್ನು ತಂದಿತು. ಅವುಗಳಲ್ಲಿ ಒಂದೊಂದರೊಳಗೂ 445 ನ್ಯಾನೋಮೀಟರಿನ ನೀಲಿ ಡಯೋಡುಗಳು 24 ಇದ್ದವು, ಒಂದೊಂದೂ ಹೆಚ್ಚುಕಡಿಮೆ ಒಂದು ವಾಟ್ ಕೊಡಬಲ್ಲದು. ಪ್ರಪಂಚದಾದ್ಯಂತ ಹವ್ಯಾಸಿಗಳು ಪ್ರೊಜೆಕ್ಟರ್ ಬಿಚ್ಚಿ ಡಯೋಡ್ ಕಿತ್ತರು. ಇಂದು ಅಂಥ ಡಯೋಡ್ ಬಿಡಿಯಾಗಿಯೇ ಸಿಗುತ್ತದೆ.

ನೀಲಿಗೆ ವಾಟ್ ಇದೆ, ನಮ್ಮ ಕಣ್ಣಿಗೆ ಮಾತ್ರ ಅದರ ಮೇಲೆ ಒಲವಿಲ್ಲ. ಹಗಲಿನ ದೃಷ್ಟಿ 555 ನ್ಯಾನೋಮೀಟರಿನ ಹಸಿರು-ಹಳದಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. 520ರ ಹಸಿರು ಅದೇ ಮಿಲಿವಾಟಿನ 445ರ ನೀಲಿಗಿಂತ 20 ಪಟ್ಟಿಗೂ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ಕತ್ತಲೆಗೆ ಒಗ್ಗಿದ ಕಣ್ಣಿನಲ್ಲಿ ಈ ಅಂತರ ತಗ್ಗುತ್ತದೆ, ಆದರೂ ಹಸಿರಿಗೇ ಮೇಲುಗೈ. ತಿಳಿಗಾಳಿಯಲ್ಲಿ ನೀಲಿ ಹಸಿರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಚದುರುತ್ತದೆ. ಆ ಲಾಭವೂ ಮಂಜಿನಲ್ಲಿಲ್ಲ, ಏಕೆಂದರೆ ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಹತ್ತಿರ ಹತ್ತಿರ ಒಂದೇ ಸಮ ಚದುರಿಸುತ್ತವೆ. ಹಾಗಾಗಿ ನಮ್ಮ ಸೀಮೆಗೆ ಹಸಿರೇ ಸರಿ.

ಹಸಿರಿನಲ್ಲೂ ಎರಡು ಜಾತಿ. ಅಗ್ಗದ ಹಸಿರು ಪಾಯಿಂಟರುಗಳಲ್ಲಿ ಇರುವುದು 532 ನ್ಯಾನೋಮೀಟರಿನದು. ಅದರೊಳಗೆ 808ರ ಕಾಣದ ಡಯೋಡೊಂದು ಹರಳಿಗೆ ಬೆಳಕು ಉಣಿಸುತ್ತದೆ, ಹರಳು 1064 ಕೊಡುತ್ತದೆ, ಎರಡನೆಯ ಹರಳು ಅದನ್ನು ಅರ್ಧಕ್ಕಿಳಿಸಿ ಹಸಿರು ಮಾಡುತ್ತದೆ. ಜಾಣ ಏರ್ಪಾಡು ಇದು. ಆದರೆ ಧನುರ್ಮಾಸದ ಬೆಳಗಿನ ಜಾವ ಆಲೂರು ಕಡೆಯ ತೋಟದಲ್ಲಿ ಅದನ್ನು ಹೊತ್ತಿಸಿದರೆ ಬೆಳಕು ಮಂಕಾಗಿ ಮಿಣುಕುತ್ತದೆ. ಡಯೋಡಿನ ಅಲೆಯುದ್ದ ಒಂದು ಡಿಗ್ರಿಗೆ ಸುಮಾರು 0.3 ನ್ಯಾನೋಮೀಟರಿನಷ್ಟು ಜಾರುತ್ತದೆ, ಹರಳಿಗೋ 808ರ ಆಸುಪಾಸಿನ ಕಿರಿದಾದ ಪಟ್ಟಿಯೇ ಬೇಕು. ಜೊತೆಗೆ ಸೋಸು ಗಾಜಿಲ್ಲದ ಅಗ್ಗದ ಮಾಲಿನಲ್ಲಿ ಕಾಣದ ಅವಗೆಂಪು ಬೆಳಕೂ ಹೊರಗೆ ಸೋರುತ್ತದೆ, ಕಣ್ಣು ರೆಪ್ಪೆ ಮುಚ್ಚಿಕೊಳ್ಳುವ ಎಚ್ಚರಿಕೆಯೂ ಸಿಗುವುದಿಲ್ಲ. ಚಳಿಗಾಗಿ ನಾನು ಹರಳಿನ ದಾರಿ ಬಿಟ್ಟು, ನೇರವಾಗಿ ಹಸಿರು ಹೊಮ್ಮಿಸುವ 520ರ ಡಯೋಡಿಗೆ ಬಂದೆ. ಚಳಿಯಲ್ಲಿ ಅದು ಇನ್ನೂ ಆರಾಮವಾಗಿ ಕೆಲಸ ಮಾಡುತ್ತದೆ.

ಲೇಸರಿನ ಮೈಗೆ ನಾನು ಆರಿಸಿಕೊಂಡದ್ದು ಹಳೆಯ ಮೂರು ಸೆಲ್ಲಿನ ಬ್ಯಾಟ್ರಿ, ಅಂದರೆ ಟಾರ್ಚು. ತೋಟದ ಮನೆಗಳ ಅಟ್ಟದಲ್ಲಿ ಇಂಥ ತಗಡಿನ ಎವರೆಡಿಗಳು ಇನ್ನೂ ಬಿದ್ದಿವೆ. ಅದರ ದಪ್ಪ ಸೆಲ್ಲಿನ ಜಾಗದಲ್ಲಿ 18 ಮಿಲಿಮೀಟರ್ ದಪ್ಪದ 18650 ಲಿಥಿಯಂ ಸೆಲ್ ಇಟ್ಟರೆ ಸುತ್ತ ಬೇಕಾದಷ್ಟು ಜಾಗ ಉಳಿಯುತ್ತದೆ. ಆ ಜಾಗಕ್ಕೆ ಅಲ್ಯೂಮಿನಿಯಂ ತೋಳು, ಅದರ ಮೂತಿಗೆ ಡಯೋಡನ್ನು ಕಚ್ಚಿ ಹಿಡಿಯುವ ತಾಮ್ರದ ಗುಂಡು. ಲೇಸರ್ ಡಯೋಡಿಗೆ ಕೊಟ್ಟ ವಿದ್ಯುತ್ತಿನ ಬಹುಪಾಲು ಶಾಖವಾಗುತ್ತದೆ, ಶಾಖ ಹೊರಹೋಗದಿದ್ದರೆ ಡಯೋಡಿನ ಆಯುಸ್ಸು ಕಡಿಮೆ. ಇದನ್ನೆಲ್ಲ ಕಡೆದುಕೊಡುವುದು ಕಾಫಿ ಪಲ್ಪರಿನ ಬುಷ್, ಸ್ಪ್ರೇಯರಿನ ಹಿತ್ತಾಳೆ ನಾಜಲ್ ಕಡೆಯುವ ಲೇತ್ ಅಂಗಡಿ. ಮೈಲುತುತ್ತದ ಸಿಂಪರಣೆ ಮುಗಿದು ಮಳೆ ಹಿಡಿದ ಮೇಲೆ ಅಲ್ಲಿ ಕೆಲಸ ಕಡಿಮೆ, ಆಗ ಹೋಗಬೇಕು. ‘ಎಷ್ಟು ಲೂಸು ಬಿಡ್ಲಿ?’ ಎಂದು ಮೇಸ್ತ್ರಿ ಕೇಳುತ್ತಾರೆ. ಲೂಸೇ ಬೇಡ, ಬಿಸಿ ಮಾಡಿ ಕೂರಿಸುವಷ್ಟು ಬಿಗಿ ಇರಲಿ ಎಂದು ಹೇಳುತ್ತೇನೆ. ನಡುವೆ ಗಾಳಿಯ ಪದರ ಉಳಿದರೆ ಶಾಖ ಅಲ್ಲೇ ನಿಲ್ಲುತ್ತದೆ.

ಡಯೋಡಿಗೆ ಬೇಕಾದದ್ದು ಸ್ಥಿರ ವೋಲ್ಟೇಜಲ್ಲ, ಸ್ಥಿರ ಕರೆಂಟು. ಎಲ್‌ಎಂ317 ಎಂಬ ಹಳೆಯ ಚಿಪ್ಪಿಗೆ ಒಂದು ರೆಸಿಸ್ಟರ್ ಹಾಕಿದರೆ 1.25ನ್ನು ಆ ಓಮ್‌ನಿಂದ ಭಾಗಿಸಿದಷ್ಟು ಆಂಪಿಯರ್ ಬರುತ್ತದೆ. ಕಲಿಯುವವರು ಅದರಿಂದಲೇ ಶುರು ಮಾಡಲಿ, ಲೆಕ್ಕ ಕಣ್ಣಿಗೆ ಕಾಣುತ್ತದೆ. ಆದರೆ ಅದು ತನಗಾಗಿಯೇ ಸುಮಾರು ಮೂರು ವೋಲ್ಟ್ ನುಂಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಸೆಲ್ಲಿನ ಚಾರ್ಜನ್ನು ಹಾಗೆ ಸುಡುವುದು ನನಗೆ ಒಗ್ಗಲಿಲ್ಲ. ಒಂದೇ ಸೆಲ್ಲಿನ ವೋಲ್ಟೇಜನ್ನು ಏರಿಸಿ ಕೊಡುವ ಬೂಸ್ಟ್ ಡ್ರೈವರ್ ಬಂತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಡಕಾಡಿದರೆ ಬೇಕಾದ ಬಿಡಿಭಾಗ ಸಿಗುತ್ತದೆ. ಯಾವ ಡ್ರೈವರೇ ಆಗಲಿ, ಮೊದಲೇ ಲೇಸರ್ ಡಯೋಡಿಗೆ ಕಟ್ಟಬಾರದು. ಸಾಲಾಗಿ ಕೆಲವು 1ಎನ್4007 ಡಯೋಡು, ಜೊತೆಗೊಂದು ಒಂದು ಓಮ್ ರೆಸಿಸ್ಟರು, ಇದನ್ನೇ ಲೇಸರೆಂದು ನಂಬಿಸಿ ಕರೆಂಟು ಅಳೆಯಬೇಕು. ಡ್ರೈವರಿನ ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ಖಾಲಿ ಮಾಡಿ ಆಮೇಲೆ ಜೋಡಿಸಬೇಕು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಒಂದು ಕರೆಂಟಿನ ಉಬ್ಬರ ಬಂದು ಹೋದರೂ ಡಯೋಡಿನ ಮುಖ ಸುಟ್ಟು, ದುಬಾರಿ ಲೇಸರ್ ಮಂಕು ಎಲ್‌ಇಡಿಯಾಗಿ ಉಳಿಯುತ್ತದೆ.

ನನಗೆ ಅತಿ ಪ್ರೀತಿಯ ಭಾಗ ಮಸೂರದ್ದು. ಕಿರಣ ಒಂದು ಮಿಲಿರೇಡಿಯನ್ ಹರಡಿದರೆ ಕಿಲೋಮೀಟರ್ ದೂರದಲ್ಲಿ ಒಂದು ಮೀಟರ್ ಅಗಲವಾಗುತ್ತದೆ. ಅದನ್ನು ತಗ್ಗಿಸುವ ದಾರಿ ಮೊದಲ ನೋಟಕ್ಕೆ ತಿರುಗುಮುರುಗಾಗಿ ತೋರುತ್ತದೆ: ಹೊರಡುವಾಗಲೇ ಕಿರಣವನ್ನು ಅಗಲ ಮಾಡಬೇಕು. ಮುಂದೆ ಸಣ್ಣ ನಿಮ್ನ ಮಸೂರ, ಅದರಾಚೆ ದೊಡ್ಡ ಪೀನ ಮಸೂರ ಇಟ್ಟು ಕಿರಣವನ್ನು ಮೂರು ಪಟ್ಟು ಅಗಲಿಸಿದರೆ ಹರಡುವಿಕೆ ಮೂರನೇ ಒಂದಕ್ಕೆ ಇಳಿಯುತ್ತದೆ. ಮೂರು ಸೆಲ್ಲಿನ ಬ್ಯಾಟ್ರಿಯ ಅಗಲ ಮೂತಿ ಇಲ್ಲಿ ಉಪಯೋಗಕ್ಕೆ ಬಂತು. ಮಿಲಿವಾಟ್ ಒಂದನ್ನೂ ಹೆಚ್ಚಿಸದೆ ಕಿರಣ ದೂರ ಹೋಗುವುದನ್ನು ನೋಡುವುದಕ್ಕಿಂತ ದೊಡ್ಡ ಸಂತೋಷ ಈ ಹವ್ಯಾಸದಲ್ಲಿ ನಾನು ಕಂಡಿಲ್ಲ.

ಆದರೆ ಮಲೆನಾಡಿನಲ್ಲಿ ಮಸೂರ ಇಟ್ಟವರಿಗೆ ಬೂಷ್ಟಿನ ಕಾಟ ಇದ್ದದ್ದೇ. ಜೂನಿನಿಂದ ಸೆಪ್ಟೆಂಬರ್ ತನಕ ಕ್ಯಾಮೆರಾಕ್ಕೆ, ದುರ್ಬೀನಿಗೆ ಹತ್ತುವ ಬೂಷ್ಟು ಲೇಸರ್ ಮಸೂರದ ಲೇಪನವನ್ನೂ ತಿನ್ನುತ್ತದೆ. ಮೂತಿಗೆ, ಹಿಂಬದಿಯ ಮುಚ್ಚಳಕ್ಕೆ ರಬ್ಬರ್ ಉಂಗುರ, ಒಳಗೊಂದು ಪುಟ್ಟ ಸಿಲಿಕಾ ಜೆಲ್ ಪೊಟ್ಟಣ, ಕೆಲಸ ಮುಗಿದ ಮೇಲೆ ಬಿಗಿ ಮುಚ್ಚಳದ ಡಬ್ಬಿ. ಜೆಲ್ಲನ್ನು ಆಗಾಗ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಬೇಕು.

ಅಪಾಯದ ಮಾತನ್ನು ನಾನು ಪ್ರತಿ ಸಲ ಹೇಳುತ್ತೇನೆ. 500 ಮಿಲಿವಾಟ್ ದಾಟಿದ ಲೇಸರ್ 4ನೇ ವರ್ಗಕ್ಕೆ ಸೇರುತ್ತದೆ. ಅದರ ಕಿರಣವಷ್ಟೇ ಅಲ್ಲ, ಗೋಡೆಯ ಮೇಲಿನ ಚುಕ್ಕೆಯನ್ನು ಹತ್ತಿರದಿಂದ ನೋಡುವುದೂ ಅಪಾಯ. ಕಣ್ಣಿನ ಮಸೂರ ಒಳಬಂದ ಕಿರಣವನ್ನು ಅಕ್ಷಿಪಟಲದ ಮೇಲೆ ಸುಮಾರು ಲಕ್ಷ ಪಟ್ಟು ಒತ್ತಾಗಿಸುತ್ತದೆ. ರೆಪ್ಪೆ ಮುಚ್ಚಲು ಬೇಕಾಗುವ ಕಾಲು ಸೆಕೆಂಡು ಅಲ್ಲಿ ಬಹಳ ತಡ, ಸುಟ್ಟ ಅಕ್ಷಿಪಟಲಕ್ಕೆ ಔಷಧಿಯಿಲ್ಲ. ಕೂಲಿಂಗ್ ಗ್ಲಾಸಾಗಲಿ ವೆಲ್ಡಿಂಗ್ ಕನ್ನಡಕವಾಗಲಿ ನಂಬುವಂಥದ್ದಲ್ಲ, ಆ ಅಲೆಯುದ್ದಕ್ಕೇ ಮಾಡಿದ ಕನ್ನಡಕ ಬೇಕು. ಹೊರಗಂತೂ ಇಲ್ಲಿ ಮಳೆಯಲ್ಲಿ ನೆಂದ ಕಾಫಿ ಎಲೆ, ಕಣದ ತಗಡು, ಹೊಂಡದ ನೀರು ಎಲ್ಲವೂ ಕನ್ನಡಿಯೇ. ನನ್ನಲ್ಲಿ ದೊಡ್ಡ ಡಯೋಡು ಮೇಜಿನ ಮೇಲೆ ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ ಹೊತ್ತುತ್ತದೆ. ಹೊರಗೆ ಒಯ್ಯುವುದು ಐದು ಮಿಲಿವಾಟಿಗೆ ಕಟ್ಟಿಹಾಕಿದ್ದು, ಅದನ್ನೂ ರಸ್ತೆಯ ಕಡೆಗಾಗಲಿ ವಿಮಾನದ ಕಡೆಗಾಗಲಿ ತಿರುಗಿಸುವುದಿಲ್ಲ.

ಇದೇ ಕಾರಣಕ್ಕೆ, ‘ಇದ್ರಲ್ಲಿ ಆನೆ ಓಡ್ಸಕ್ಕಾಗುತ್ತಾ ಗೌಡ್ರೆ?’ ಎಂದು ಪಕ್ಕದ ತೋಟದವರು ಕೇಳಿದಾಗಲೆಲ್ಲ ಆಗುವುದಿಲ್ಲವೆಂದೇ ಹೇಳಿದ್ದೇನೆ. ಅವರ ಸಂಕಟ ನನಗೆ ಗೊತ್ತು. ಆಲೂರು–ಸಕಲೇಶಪುರದಲ್ಲಿ ದಶಕದ ಹಿಂದೆ 22 ಆನೆಗಳನ್ನು ಹಿಡಿದು ಸಾಗಿಸಿದರೂ ಹಿಂಡುಗಳು ಮತ್ತೆ ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ, ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಸಾಕಾನೆ ಅರ್ಜುನನೇ ಕಾಡಾನೆಯ ತಿವಿತಕ್ಕೆ ಸತ್ತ. ಆದರೆ ಲೇಸರ್ ತಗುಲಿ ಕಣ್ಣು ಕೆಟ್ಟ ಆನೆ ಎಲ್ಲಿಗೂ ಓಡುವುದಿಲ್ಲ, ಕಾಫಿ ಗಿಡದ ನಡುವೆಯೇ ಕುರುಡಾಗಿ ಉಳಿಯುತ್ತದೆ, ಬೆಳಿಗ್ಗೆ ಅಲ್ಲಿಗೆ ಕೆಲಸಕ್ಕೆ ಬರುವವರಿಗೆ ಅದು ಎದುರಾಗುತ್ತದೆ.

ಅವರಿಗೆ ಬೇಕಾದದ್ದು ಮನೆಯಿಂದ ಕಾಲು ಹೊರಗಿಡುವ ಮುನ್ನ ಅಂಗಳದಾಚೆ ಏನು ನಿಂತಿದೆ ಎಂದು ಕಾಣುವುದು. ಅದೇ ಬ್ಯಾಟ್ರಿ ಮೈ, ಅದೇ ಅಲ್ಯೂಮಿನಿಯಂ ತೋಳು ಇಟ್ಟುಕೊಂಡು ಲೇಸರ್ ತೆಗೆದು ಎಲ್‌ಇಡಿ ಕೂರಿಸಿಕೊಟ್ಟೆ. ಬೂಸ್ಟ್ ಡ್ರೈವರ್ ಬೇಡವಾಯಿತು, ಬಿಳಿ ಎಲ್‌ಇಡಿಗೆ ಸುಮಾರು ಮೂರು ವೋಲ್ಟ್ ಸಾಕು. ಬೆಳಕು ಅಗಲಕ್ಕೆ ಹರಡಲಿ ಎಂದು ಮೂತಿಗೆ ಮಸೂರ ಹಾಕಲಿಲ್ಲ, ಹಳೆಯ ಪ್ರತಿಫಲಕವನ್ನೇ ಉಳಿಸಿದೆ. ಮಂಜಿನಲ್ಲಿ ಹಣೆಗೆ ಕಟ್ಟಿದ ಲೈಟು ಎದುರಿಗೆ ಬಿಳಿ ಗೋಡೆ ಎಬ್ಬಿಸುತ್ತದೆ, ಆದ್ದರಿಂದ ಇದನ್ನು ಸೊಂಟದ ಮಟ್ಟದಲ್ಲಿ ಹಿಡಿಯಬೇಕೆಂದು ಹೇಳಿಕೊಟ್ಟಿದ್ದೇನೆ. ಒದ್ದೆ ಕೈಗೆ ಗುಂಡಿ ಜಾರುತ್ತದೆ ಎಂದು ದೂರು ಬಂದಿದೆ. ಮುಂದಿನದ್ದಕ್ಕೆ ಹಳೆಯ ಎವರೆಡಿಯ ಜಾರುಗುಂಡಿಯನ್ನೇ ಉಳಿಸಿಕೊಂಡು, ಅದರ ಸಂದಿಯಿಂದ ನೀರು ಒಳಹೋಗದಂತೆ ರಬ್ಬರಿನ ಹೊದಿಕೆ ಮಾಡಬೇಕಾಗಿದೆ.